ಗುಂಡಿ ಒತ್ತುವ ಹೊತ್ತು

ಪೇಚುನ್ ಫೋನ್ ಮಾಡಿದಾಗ ಲಾಯ್ ಕಚೇರಿಯಲ್ಲಿ ಅವಳ ಖಾಲಿ ಮೇಜಿನ ಮುಂದೆಯೇ ನಿಂತಿದ್ದ. ಮಾತು ಬಿದ್ದುಹೋದ ತಾಯಿಯನ್ನು ನೋಡಿಕೊಳ್ಳುತ್ತ ಅವಳು ತೈವಾನಿನ ದಕ್ಷಿಣದ ತೈನಾನ್ ಊರಿನ ಮನೆಯಿಂದಲೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕಚೇರಿಯ ಕಂಪ್ಯೂಟರ್ ನಡೆಸುತ್ತಿದ್ದಳು. ದಿನಾ ಬೆಳಿಗ್ಗೆ ಅದನ್ನು ಚಾಲೂ ಮಾಡುವ ಗುಂಡಿ ಒತ್ತಿ, ಅವಳ ಪರದೆಗೆ “ಬಂತಾ?” ಎಂದು ಫೋನಿನಲ್ಲಿ ಕೇಳುವುದು ಲಾಯ್ ಪಾಲಿನ ಕೆಲಸ. ಇಂದಿನಿಂದ ಅವಳ ಕೆಲಸವೆಲ್ಲ ನೇರವಾಗಿ ವೆಬ್‌ನಲ್ಲಿ. ಕಂಪ್ಯೂಟರನ್ನು ನಿನ್ನೆಯೇ ಒಯ್ದಿದ್ದರು. ಯಂತ್ರ ಹಟ ಮಾಡದಿರಲೆಂದು ಅಲ್ಲಿನವರ ನಂಬಿಕೆಯಂತೆ ಅದರ ತಲೆಯ ಮೇಲಿಟ್ಟಿದ್ದ ಕುರುಕಲು ತಿಂಡಿಯ ಹಸಿರು ಪೊಟ್ಟಣ ಮಾತ್ರ ಮೇಜಿನ ಮೇಲೆ ಉಳಿದಿತ್ತು.

“ಹೊಸದು ಹೇಗಿದೆಯಮ್ಮ?” ಎಂದ ಲಾಯ್.

“ಥಟ್ ಅಂತ ತೆರ್ಕೊಳ್ಳುತ್ತೆ ಅಣ್ಣ. ಯಾರನ್ನೂ ಕಾಯ್ಬೇಕಿಲ್ಲ. ಆದ್ರೂ ಒಂದ್ಸಲ ಗುಂಡಿ ಒತ್ತಿಬಿಡಿ.”

ಲಾಯ್ ಪೊಟ್ಟಣದ ಮೇಲೆ ಬೆರಳೂರಿದ. ಅದು ಚರಚರ ಎಂದಿತು.

“ಒತ್ತಿದೆ. ಬಂತಾ?”

“ಬಂತು ಅಣ್ಣ.”