ಇನ್ನೊಂದೇ ತಿರುವು

ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಉದ್ದನೆಯ ಸೈಕಲ್ ನೋಡಿದ್ದೀರಾ? ಟ್ಯಾಂಡಮ್ ಅಂತಾರೆ...

ಹ್ಯಾಂಡಲ್, ಬ್ರೇಕ್, ಗೇರ್ ಎಲ್ಲ ಮುಂದಿನವರ ಕೈಯಲ್ಲಿ. ಹಿಂದಿನವರ ಪಾಲಿಗೆ ಪೆಡಲ್ ಮಾತ್ರ.

ಚಿಕ್ಕಮಗಳೂರಿನ ಬೆಟ್ಟದ ರಸ್ತೆಯಲ್ಲಿ ಒಂದು ಭಾನುವಾರ ಅಂಥದೊಂದು ಸೈಕಲ್ ಏರುತ್ತಿತ್ತು. ಮುಂದೆ ಪದ್ಮರಾಜ್, ಹಾಸನದಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡವರು.

ಹಿಂದೆ ನೀಲಗಂಗಾ. ಬಾಗಲಕೋಟೆ ಕಡೆಯ ಹುಡುಗಿ, ಹಾಸನದಲ್ಲಿ ಬಿ.ಎಡ್ ಓದುತ್ತಿದ್ದಾಳೆ.

ಅವಳಿಗೆ ಕಣ್ಣು ಕಾಣುವುದಿಲ್ಲ.

ವರ್ಷಕ್ಕೊಮ್ಮೆ ಹತ್ತಾರು ಜನ ಸೇರಿ ಬೆಟ್ಟ ಏರುವ ಆ ಸೈಕಲ್ ರೈಡ್‌ನಲ್ಲಿ ಒಂದು ನಿಯಮ. ಎಲ್ಲರಿಗಿಂತ ಹಿಂದೆ ಒಂದು ಜೀಪ್ ನಿಧಾನವಾಗಿ ಬರುತ್ತದೆ. ಅದು ನಿಮ್ಮನ್ನು ದಾಟಿದರೆ ನಿಮ್ಮ ಆಟ ಮುಗಿಯಿತು. ಸೈಕಲನ್ನು ಮೇಲೆ ಕಟ್ಟಿ ನೀವು ಒಳಗೆ ಕೂರಬೇಕು.

ಹಿಂದಿನ ಎರಡು ವರ್ಷವೂ, ಬೇರೆ ಜೊತೆಗಾರರೊಂದಿಗೆ ಬಂದಿದ್ದ ನೀಲಗಂಗಾ ಜೀಪಿನಲ್ಲೇ ತುದಿ ಮುಟ್ಟಿದ್ದಳು.

"ಅಣ್ಣಾರ, ಈ ಸಲ ನಾ ಜೀಪ್ ಹತ್ತಂಗಿಲ್ಲ. ನಿಮಗ ಸಾಕಾದ್ರ ನೀವ ಹತ್ರಿ, ಹ್ಯಾಂಡಲ್ ನಾ ಹಿಡೀತೀನಿ," ಎಂದಿದ್ದಳು ಹೊರಡುವಾಗ.

"ಅಯ್ಯೋ ತಾಯಿ, ಆಮೇಲೆ ಇಬ್ರೂ ಆಂಬುಲೆನ್ಸ್ ಹತ್ತಬೇಕಾಗುತ್ತೆ!" ಎಂದು ಪದ್ಮರಾಜ್ ನಕ್ಕಿದ್ದರು.

ಅರ್ಧ ಬೆಟ್ಟ ಏರುವಷ್ಟರಲ್ಲಿ ನಗು ನಿಂತುಹೋಗಿತ್ತು. ಉಳಿದವರೆಲ್ಲ ಮುಂದೆ ಹೋಗಿದ್ದರು. ಹಿಂದೆ ಜೀಪಿನ ಸದ್ದು ಹತ್ತಿರವಾಗುತ್ತಿತ್ತು...

ಬೆಟ್ಟ ಏರುವ ಸೈಕಲ್‌ನವರಲ್ಲಿ ಒಂದು ರೂಢಿ ಇದೆ. ಸುಸ್ತಾದವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: "ಆಯ್ತು, ಇನ್ನೊಂದೇ ತಿರುವು!"

ಕೇಳಿದವರು ತಲೆ ಎತ್ತಿ ನೋಡುತ್ತಾರೆ. ರಸ್ತೆ ಇನ್ನೂ ಮೇಲೆ ಮೇಲೆ ಸುತ್ತಿಕೊಂಡು ಹೋಗಿರುವುದು ಕಾಣುತ್ತದೆ. ಹೇಳಿದವನಿಗೆ ಮನಸ್ಸಿನಲ್ಲೇ ಬೈದು, ಶಕ್ತಿ ಉಳಿಸಿಕೊಂಡು ತುಳಿಯುತ್ತಾರೆ.

ಪದ್ಮರಾಜ್ ಕೂಡ ಅದನ್ನೇ ಹೇಳಿಬಿಟ್ಟರು. "ನೀಲಾ, ಇನ್ನೊಂದೇ ತಿರುವು ಕಣಮ್ಮಾ! ತುದಿ ಬಂತು!"

ಹಿಂದೆ ಕೂತವಳು ತಲೆ ಎತ್ತಿ ನೋಡುವಂತಿರಲಿಲ್ಲ... ನಂಬಿದಳು.

ಇದ್ದಬದ್ದ ಶಕ್ತಿಯನ್ನೆಲ್ಲ ಪೆಡಲಿಗೆ ಸುರಿದಳು. ಸೈಕಲ್ ಮುನ್ನುಗ್ಗಿತು. ತಿರುವು ಬಂತು, ತಿರುವು ಹೋಯಿತು... ಏರು ಮಾತ್ರ ಮುಗಿಯಲಿಲ್ಲ.

ಅವಳ ಕಾಲುಗಳು ನಿಂತುಬಿಟ್ಟವು. ಪದ್ಮರಾಜ್ ನೆಲಕ್ಕೆ ಕಾಲೂರಿದರು.

ಜೀಪ್ ಬಂದು ಪಕ್ಕದಲ್ಲೇ ನಿಂತಿತು. "ಸಾಕು ಬಿಡಿ ಸಾರ್, ಹತ್ಕಳಿ," ಎಂದ ಒಳಗಿದ್ದ ಸ್ವಯಂಸೇವಕ. "ಪಾಪ, ಕಣ್ಣು ಕಾಣ್ದೆ ಇಷ್ಟು ದೂರ ಬಂದಿದ್ದೇ ದೊಡ್ಡದು."

ನೀಲಗಂಗಾ ಆ ಕಡೆ ಮುಖವನ್ನೂ ತಿರುಗಿಸಲಿಲ್ಲ.

"ಅಣ್ಣಾರ, ತುದಿ ಬಂತಂದ್ರಲ್ಲ? ಎಷ್ಟ ಉಳದೈತಿ? ಖರೇ ಹೇಳ್ರಿ."

"...ಮೂರು ಕಿಲೋಮೀಟರ್. ಮುಂದಿನ ಏರು ಇನ್ನೂ ಕಷ್ಟ. ನಿಂಗೆ ಹುಮ್ಮಸ್ಸು ಬರ್ಲಿ ಅಂತ ಹಾಗಂದೆ ಕಣಮ್ಮಾ..."

ಅವಳೂ ಪೆಡಲಿನಿಂದ ಕಾಲು ತೆಗೆದು ನೆಲಕ್ಕೆ ಊರಿದಳು.

"ನಾ ಸಾಲ್ಯಾಗಿದ್ದಾಗ ಜಡ್ಡ ಬಂದು ಕಣ್ಣ ಹೋದ್ವು. ಮನ್ಯಾಗ ಎಲ್ಲಾರೂ ದೀಪಾವಳಿಗೆ ಬರ್ತಾವ ಅಂದ್ರು. ಆಮ್ಯಾಲೆ ಯುಗಾದಿಗೆ ಅಂದ್ರು. ನಾ ಕಾಯ್ಕೋಂತ ಕುಂತೆ..."

"ಕೋಲ ಹಿಡೀಲಿಲ್ಲ, ಬ್ರೈಲ್ ಕಲೀಲಿಲ್ಲ. ಯಾಕ ಕಲೀಬೇಕ್ರಿ? ಹೆಂಗೂ ಕಣ್ಣ ಬರ್ತಾವಲ್ಲ!"

"ಕಡೀಕ ನಮ್ಮ ಸೋದರತ್ತಿ ಒಬ್ಬಾಕಿ ಹೇಳಿದ್ಲು, ಬರಂಗಿಲ್ಲ ಅಂತ. ಅವತ್ತ ಮನಸಾರೆ ಅತ್ತೆ. ಮರುದಿನ ಕೋಲ ಹಿಡದೆ."

"ಮೂರು ಕಿಲೋಮೀಟರ್ ಅಂದಿದ್ರ ಅಷ್ಟಕ್ಕ ಸಾಲೂಹಂಗ ತುಳೀತಿದ್ದೆ, ಅಣ್ಣಾರ. ಒಂದ ತಿರುವು ಅಂತ ಎಲ್ಲಾ ಖರ್ಚ ಮಾಡಿಸಿಬಿಟ್ರಲ್ಲ..."

"ತಪ್ಪಾಯ್ತು ಕಣಮ್ಮಾ..." ಎನ್ನುವಷ್ಟರಲ್ಲಿ ಪದ್ಮರಾಜ್ ಕಣ್ಣು ತುಂಬಿ ಬಂತು. ಅವರು ಮೂಗೆಳೆದುಕೊಂಡ ಸದ್ದು ಅವಳಿಗೆ ಕೇಳಿತು.

"ಅಳಬ್ಯಾಡ್ರಿ," ಎಂದಳು ಅವಳು. "ನಿಮಗರ ಹಾದಿ ಕಾಣಬೇಕು."

ಜೀಪಿನವನಿಗೆ ನಗು ತಡೆಯಲಾಗಲಿಲ್ಲ. "ಆಗ್ಲಿ ಮೇಡಂ, ನೀವು ಹೋಗ್ತಾ ಇದ್ರೆ ನಾನು ದಾಟಲ್ಲ. ಆದ್ರೆ ಇನ್ನೊಂದ್ಸಲ ನಿಂತ್ರೆ ಹತ್ಲೇಬೇಕು. ಬೇರೆ ಗಾಡಿಗಳಿಗೆ ರಸ್ತೆ ಬಿಡ್ಬೇಕು."

ನೀರು ಕುಡಿದರು. ಒಂದೊಂದು ಶೇಂಗಾ ಚಿಕ್ಕಿ ತಿಂದರು. ಹೊರಟರು.

ಈಗ ಪದ್ಮರಾಜ್ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದರು. "ಮುಂದೆ ಉದ್ದ ಏರು. ಸುಧಾರಿಸಿಕೊಳ್ಳೋಕೆ ಜಾಗ ಇಲ್ಲ."

"ಆತು." ಅವಳು ಉಸಿರು ಹಿಡಿತಕ್ಕೆ ತಂದು, ಅಳೆದು ಅಳೆದು ತುಳಿದಳು.

ಕೊನೆಯ ಏರಿನಲ್ಲಿ ಅವಳೇ ಕೇಳಿದಳು. "ಅಣ್ಣಾರ, ನಿಮ್ಮ ಕಾಲಿನ ಜೋರು ಪೆಡಲಿಗೆ ಬರವಲ್ದು. ಏನಾತು?"

"ಏನಿಲ್ಲಮ್ಮ..."

"ಅಣ್ಣಾರ!"

"...ಮೀನಖಂಡ ಹಿಡ್ಕೊಂಡಿದೆ. ತುಳಿಯೋಕೆ ಆಗ್ತಿಲ್ಲ."

"ಹಂಗ ಹೇಳ್ರಿ ಮತ್ತ! ನೀವು ಹ್ಯಾಂಡಲ್ ಅಷ್ಟ ನೋಡ್ಕೋರಿ. ನಾ ತುಳೀತೀನಿ."

ಹಲ್ಲು ಕಚ್ಚಿ ತುಳಿದಳು. ಇಬ್ಬರ ಭಾರ, ಒಬ್ಬಳ ಕಾಲು. ಸೈಕಲ್ ನಡಿಗೆಯ ವೇಗಕ್ಕೆ ಇಳಿಯಿತು... ಆದರೆ ನಿಲ್ಲಲಿಲ್ಲ. ಜೀಪ್ ಹಿಂದೆಯೇ ಉಳಿಯಿತು.

ರಸ್ತೆ ಸಮವಾಯಿತು.

"ಬಂದ್ವು ನೀಲಾ... ಗೆರೆ ದಾಟಿದ್ವು," ಎಂದರು ಪದ್ಮರಾಜ್.

ಅವಳು ಏದುಸಿರು ಬಿಡುತ್ತಾ ಕಿವಿಗೊಟ್ಟಳು. ಗಾಳಿ ಬಿಟ್ಟರೆ ಯಾವ ಸದ್ದೂ ಇಲ್ಲ. "ಯಾರ್‍ಯಾರ ಅದಾರ್ರಿ?"

'ಎಲ್ಲರೂ ನಿಂತು ನಿನ್ನನ್ನೇ ನೋಡ್ತಿದ್ದಾರೆ' ಎನ್ನುವ ಮಾತು ಅವರ ನಾಲಿಗೆಯ ತುದಿಗೆ ಬಂದಿತ್ತು...

ನುಂಗಿಕೊಂಡರು.

"ಯಾರೂ ಇಲ್ಲ ಕಣಮ್ಮಾ. ಎಲ್ಲ ತಿಂಡಿಗೆ ಹೋಗಿದ್ದಾರೆ. ಒಬ್ಬ ಬ್ಯಾನರ್ ಬಿಚ್ತಾ ಇದ್ದಾನೆ. ಅವನೂ ನಮ್ಮ ಕಡೆ ನೋಡ್ತಿಲ್ಲ."

ನೀಲಗಂಗಾ ಬೆಟ್ಟಕ್ಕೆಲ್ಲ ಕೇಳುವಂತೆ ನಕ್ಕಳು. ನಗುತ್ತಲೇ ಅತ್ತಳು.

"ಹಂಗಾರ ಖರೇನ ಬಂದೀವಿ ಬಿಡ್ರಿ!"

*

ಹುಸಿ ಸಮಾಧಾನ ಒಂದು ತಿರುವಿನವರೆಗೆ ತಳ್ಳೀತು. ದಾರಿ ಎಷ್ಟಿದೆಯೆಂದು ತಿಳಿದವರೇ ತುದಿಯವರೆಗೂ ತುಳಿಯುವುದು.

ಪ್ರೀತಿಯಿಂದಲೇ ಇರಬಹುದು... ನಿಜ ಹೇಳದೆ ನೀವು ಯಾರನ್ನಾದರೂ ಸುಮ್ಮನೆ ಕಾಯಿಸುತ್ತಿದ್ದೀರಾ?