ಮೂರನೆಯ ಅಂಕದ ಐದು ಪದಗಳು

ರಾಣಿ ಮತ್ತೆ ಅದೇ ಮಾತಿನಲ್ಲಿ ನಿಂತುಬಿಟ್ಟಳು.

ಸತತ ಹನ್ನೊಂದನೆಯ ಪ್ರದರ್ಶನ. ವೇದಿಕೆಯ ಮುಂಭಾಗದಲ್ಲಿ, ಪ್ರೇಕ್ಷಕರಿಗೆ ಕಾಣದಂತೆ ನೆಲ ತಗ್ಗಿಸಿ ಕಟ್ಟಿದ ಗೂಡಿನೊಳಗಿಂದ, ನಟರಿಗೆ ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರಮ್ಮ ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದಳು: "ಬಾಗಿಲು ತೆರೆದೇ ಇದೆ, ಹೋಗುವವರು ಹೋಗಬಹುದು." ರಾಣಿಯ ವೇಷದ ತಾರೆ ತುಟಿಯಲುಗಿಸುತ್ತ ಅದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಗಟ್ಟಿಯಾಗಿ ನುಡಿದಳು. ಸಭೆ ಚಪ್ಪಾಳೆ ತಟ್ಟಿತು. ಸಭೆಗೇನು, ಕಿರೀಟ ಕಂಡರೆ ಸಾಕು.

"ಐದು ಪದ ಕಣೇ! ಗಿಳಿಯಾದ್ರೂ ಇಷ್ಟು ಹೊತ್ತಿಗೆ ಕಲಿತಿರೋದು," ಎಂದಳು ಪ್ರಾಂಪ್ಟರಮ್ಮ, ಉಡುಪಿನ ಕೋಣೆಯಲ್ಲಿ.

ಹರಿದ ಜರಿಯಂಚಿಗೆ ಹೊಲಿಗೆ ಹಾಕುತ್ತಿದ್ದ ದರ್ಜಿಯವಳು ನಕ್ಕಳು. "ತಾಲೀಮಿನಲ್ಲಿ ಒಂದಿನವೂ ತಪ್ಪಿಲ್ಲಕ್ಕ. ನೀರು ಕುಡಿದ ಹಾಗೆ ಹೇಳ್ತಾಳೆ."

"ತಾಲೀಮಿಗೆ ನಾನು ಬರಲ್ಲವಲ್ಲ! ಇದು ಮರೆವಲ್ಲ, ಕೊಬ್ಬು. ಕಂಪನಿ ಸೇರಿ ಮೂರು ತಿಂಗಳಾಯ್ತು, ನನ್ನ ಜೊತೆ ಒಂದು ಮಾತಿಲ್ಲ. ಎದುರಿಗೆ ಸಿಕ್ಕಿದ್ರೆ ಗೋಡೆ ಸವರಿಕೊಂಡು ಹೋಗ್ತಾಳೆ. ನನಗೇನು ಅಂಟುಜಾಡ್ಯವಾ?"

ಉರಿಗೆ ಕಾರಣವಿತ್ತು. ಇಪ್ಪತ್ತು ವರ್ಷಗಳ ಹಿಂದೆ ಅದೇ ನಾಟಕದ ರಾಣಿ ಪ್ರಾಂಪ್ಟರಮ್ಮನೇ ಆಗಿದ್ದಳು. ಗಂಟಲಿನ ಕಾಯಿಲೆ ಧ್ವನಿಯನ್ನು ತಿಂದು ಪಿಸುಮಾತನ್ನಷ್ಟೇ ಉಳಿಸಿತು. ಕಂಪನಿ ಆಕೆಗೆ ಗೂಡನ್ನು ಕೊಟ್ಟಿತು. ಆಕೆಯದೇ ಮಾತನ್ನು ಆಕೆಯಿಂದಲೇ ದಿನದಿನವೂ ತಾರೆ ಗುಂಡಿಯೊಳಗಿಂದ ಒಪ್ಪಿಸಿಕೊಳ್ಳುವುದು, ಸಿಂಹಾಸನದ ಮೇಲೆ ಕೂತು ಕಣ್ಣು ಅರೆಮುಚ್ಚಿ ಕೇಳುವುದು: ಇದಕ್ಕಿಂತ ನಯವಾದ ಅವಮಾನ ಉಂಟೆ?

ಅಷ್ಟರಲ್ಲಿ ಮರದ ಗೋಡೆಯಾಚೆ ಕಂಪನಿಯ ಯಜಮಾನರ ದನಿ ಕೇಳಿಸಿತು.

"ನಮ್ಮ ಕಂಪನೀನ ಪ್ರವಾಸಕ್ಕೆ ಕರೆಸೋರು ನಾಳೆ ನಾಟಕ ನೋಡೋಕೆ ಬರ್ತಾರಮ್ಮ. ನಾಳೆ ನಿಂತರೆ ಪಾತ್ರ ಬೇರೆಯವಳಿಗೆ, ಈಗಲೇ ಹೇಳಿದೀನಿ. ಬೇಕಾದ್ರೆ ಆ ಮಾತು ಬರೆದು ಸಿಂಹಾಸನದ ಕೈಗೆ ಅಂಟಿಸಿಬಿಡಲಾ?"

"ಬೇಡಿ ಯಜಮಾನರೇ," ಎಂದಳು ತಾರೆ. "ಗೂಡಿನಲ್ಲಿ ಅವರಿದ್ದಾರಲ್ಲ."

"ಕೇಳಿದ್ಯಾ?" ಪ್ರಾಂಪ್ಟರಮ್ಮ ದರ್ಜಿಯವಳತ್ತ ತಿರುಗಿದಳು. "ಆಳಿದ್ದಾಳಲ್ಲ, ಅಂತ. ಇರ್ತೀನಿ, ಮಹಾರಾಣಿ. ನಾಳೆಯೂ ಇರ್ತೀನಿ."

ಮರುದಿನ ಮೂರನೆಯ ಅಂಕದಲ್ಲಿ ತಾರೆ ನಿಂತಳು. ಪ್ರಾಂಪ್ಟರಮ್ಮ ಹಸ್ತಪ್ರತಿಯನ್ನು ಮಡಚಿ ತೊಡೆಯ ಮೇಲಿಟ್ಟು, ತುಟಿ ಬಿಗಿದು ಕುಳಿತಳು.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಇನ್ನಾರೋ ಸಿಳ್ಳೆ ಹಾಕಿದರು. ಪಕ್ಕದ ಪರದೆಯ ಮರೆಯಲ್ಲಿ ಯಜಮಾನರ ಮುಖ ಕಪ್ಪಿಟ್ಟಿತು. ತಾರೆಯ ಕಣ್ಣು ಗೂಡನ್ನು ಬಿಟ್ಟು ಕದಲಲಿಲ್ಲ. ಬೇಡಲಿ, ಎಂದುಕೊಂಡಳು ಪ್ರಾಂಪ್ಟರಮ್ಮ. ಇನ್ನೂ ಸ್ವಲ್ಪ ಬೇಡಲಿ.

ತಾರೆ ಸಿಂಹಾಸನದಿಂದಿಳಿದಳು. ಸೆರಗು ತೊಡರಿ ಕಿರೀಟ ಉರುಳಿತು. ತುಂಬಿದ ಸಭೆಯೆದುರು ಓಡಿಬಂದು ಗೂಡಿನ ಅಂಚಿನಲ್ಲಿ ಮಂಡಿಯೂರಿದಳು.

"ಅಮ್ಮಾ... ಏನಾಯ್ತು ನಿಮಗೆ? ಗಂಟಲು ಮತ್ತೆ ಹೋಯ್ತಾ?"

ಮೂರು ತಿಂಗಳಲ್ಲಿ ಅವಳು ಪ್ರಾಂಪ್ಟರಮ್ಮನೊಡನೆ ಆಡಿದ ಮೊದಲ ಮಾತು ಅದು.

"ನನಗೇನು ಧಾಡಿ? ಮಾತು ಮರೆತವಳು ನೀನು. ಎದ್ದು ಹೋಗು!"

ಯಜಮಾನರು ಪರದೆ ಇಳಿಸಲು ಕೈಯೆತ್ತಿದರು. ತಾರೆ ಎದ್ದು ಹೋಗಲಿಲ್ಲ. ಅಲ್ಲಿಯೇ, ಪಿಸುದನಿಯಲ್ಲಿ, ಆ ಐದೂ ಪದಗಳನ್ನು ಒಪ್ಪಿಸಿದಳು. ಮೊದಲ ಪದದ ನಂತರ ಉಸಿರು ಹಿಡಿದು ನಿಲ್ಲುವ ಆ ಕ್ರಮ ಯಾವ ಹಸ್ತಪ್ರತಿಯಲ್ಲೂ ಇರಲಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಆ ರಾಣಿಯ ಬಾಯಲ್ಲಷ್ಟೇ ಇತ್ತು.

"ನಿಮ್ಮ ರಾಣಿ ಪಾತ್ರ ನೋಡಿದ ಒಂಬತ್ತನೇ ವಯಸ್ಸಿಂದ ಬಾಯಿಪಾಠ, ಅಮ್ಮಾ," ಎಂದಳು. "ನಿಮ್ಮನ್ನ ಮಾತಾಡಿಸೋ ಧೈರ್ಯ ಬರಲಿಲ್ಲ; ದಿನಕ್ಕೊಂದ್ಸಲ ನೀವದನ್ನ ಹೇಳೋದು ಕೇಳಬೇಕಿತ್ತು, ಅಷ್ಟೇ."