ಕೆಂಪು ಹುಂಜದ ದಾರಿ

ರೈಲಿನ ಬಾಗಿಲು ಮುಚ್ಚಿಕೊಂಡಿತು. ಪೀರ್ ಸಾಬರು ಒಳಗೆ. ಅವರನ್ನು ಜರ್ಮನಿಯ ಆಟಿಕೆ ಮೇಳಕ್ಕೆ ಕರೆತಂದಿದ್ದ ಅಧಿಕಾರಿ ಹೊರಗೆ. ಹೋಟೆಲಿನ ವಿಳಾಸವಿದ್ದ ಚೀಟಿ ಅಧಿಕಾರಿಯ ಕಿಸೆಯಲ್ಲಿ.

ಮೂವತ್ತು ವರ್ಷಗಳ ಹಿಂದಿನ ಆ ಸಂಗತಿಯನ್ನು ಪೀರ್ ಸಾಬರು ಮತ್ತೆ ಆರಂಭಿಸಿದಾಗ ಚನ್ನಪಟ್ಟಣದಲ್ಲಿ ಸಂಜೆ ಇಳಿಯುತ್ತಿತ್ತು. ಎದುರಿಗೆ ಮೊಮ್ಮಗಳು ಶಬ್ನಮ್ ಮಂಡಿ ಅಪ್ಪಿಕೊಂಡು ಕುಳಿತಿದ್ದಳು. ಅದೇ ಮೇಳದಲ್ಲಿ ಜನರೆದುರು ಆಟಿಕೆಗೆ ಅರಗಿನ ಬಣ್ಣ ಹಾಕಿ ತೋರಿಸಲು ಈ ಸಲ ಅವಳಿಗೆ ಕರೆ ಬಂದಿತ್ತು. ಅವಳು ಒಲ್ಲೆನೆಂದಿದ್ದಳು. ಹೋದ ವರ್ಷ ಬೆಂಗಳೂರಿನಲ್ಲಿ ತಪ್ಪು ಬಸ್ಸು ಹತ್ತಿ ಎಲ್ಲೋ ಇಳಿದಿದ್ದಳು. ಸುತ್ತ ನೆರೆದವರು ಒಂದೇ ಸಮನೆ ಪ್ರಶ್ನೆ ಕೇಳಿದ್ದರು. ಯಾರಿಗೂ ಉತ್ತರಿಸಲಾಗದೆ ಕಂಬಕ್ಕೆ ಒರಗಿ ಅತ್ತಿದ್ದಳು. ಅಂದಿನಿಂದ ಒಬ್ಬಳೇ ಊರು ದಾಟಿರಲಿಲ್ಲ. ಅಷ್ಟು ದೂರದಲ್ಲಿ ದಾರಿ ತಪ್ಪಿದರೆ ಗತಿಯೇನು? ಅದೊಂದೇ ಅವಳ ಭಯ.

ಮೇಳಕ್ಕೆ ಸರಕು ಒಯ್ಯುವ ವ್ಯಾಪಾರಿ ಅನಂತರಾಜು ಹೊಸ್ತಿಲಲ್ಲಿ ನಿಂತು, ಹುಡುಗಿಯ ತಾಯಿ ರೋಶನ್ ಬೀಯನ್ನು ಕೇಳಿದರು.

“ರೋಶನಮ್ಮ, ಮಗಳು ಹೋಯ್ತಾಳೋ ಇಲ್ವೋ, ಈಗ್ಲೇ ಹೇಳ್ಬುಡಿ. ಇಲ್ಲಾಂದ್ರೆ ಅವ್ಳ ಬದ್ಲು ಮಹೇಂದ್ರನ ಹೆಸ್ರು ಕೊಡ್ಬೇಕಾಯ್ತದೆ.”

“ನಾನ್ ಹೇಳಾಕ್ ಹೋದ್ರೆ ಕಣ್ ಮುಚ್ಕೊಬುಡ್ತಾಳೆ ಕಣಣ್ಣ. ಮಾವ ಹೇಳ್ತಾವ್ರೆ. ಒಸಿ ತಡೀರಿ.”

“ನಿಮ್ಮಾವ ಶುರು ಹಚ್ಕೊಂಡ್ರೆ ಇಮಾನ ಹೋಗಿ ವಾಪಸ್ಸೂ ಬಂದಿರ್ತದೆ.”

ಆ ಕುಹಕಕ್ಕೆ ಪೀರ್ ಸಾಬರು ತಲೆ ಎತ್ತಲಿಲ್ಲ.

ಅಂದು ರೈಲಿನಲ್ಲಿ, ಮುಂದಿನ ನಿಲ್ದಾಣದಲ್ಲಿ ಇಳಿಯಲೆಂದು ಅವರು ಬಾಗಿಲ ಮುಂದೆ ನಿಂತರು. ಬಾಗಿಲು ತೆರೆಯಲಿಲ್ಲ. ಗುಂಡಿ ಒತ್ತಬೇಕೆಂದು ಅವರಿಗೇನು ಗೊತ್ತು? ರೈಲು ಹೊರಟಿತು. ಕಿಟಕಿಯಲ್ಲಿ ಕತ್ತಲು ತುಂಬಿ, ಗಾಜಿನಲ್ಲಿ ತಮ್ಮ ಮುಖವೊಂದೇ ಉಳಿಯಿತು. ಬೋಗಿಯ ತುಂಬ ಜನ. ಯಾರೂ ಇತ್ತ ನೋಡಲಿಲ್ಲ. ಅಂಥ ಒಂಟಿತನ ಅವರಿಗೆ ಹೊಸದೇನಲ್ಲ. ಚನ್ನಪಟ್ಟಣದ ಸಂತೆಯ ನಡುವೆಯೂ ಅವರು ಹಾಗೆಯೇ ನಿಂತದ್ದುಂಟು.

ಅಷ್ಟರಲ್ಲಿ ಕರೆಂಟು ಹೋಯಿತು. ಕಥೆಯೂ ನಿಂತಿತು. ರೋಶನ್ ಬೀ ದೀಪ ತಂದು ಮಾವನ ಮಗ್ಗುಲಿಗಿಟ್ಟ ಮೇಲೆ ಮುಂದುವರಿಯಿತು.

ಹೋಟೆಲಿನ ಬಾಗಿಲ ಮೇಲೆ ಕೆಂಪು ಹುಂಜದ ಫಲಕವಿದ್ದದ್ದು ಅವರಿಗೆ ನೆನಪಾಯಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಎದುರು ತಲೆಯ ಮೇಲೆ ಬೆರಳುಗಳ ಜುಟ್ಟು ಕಟ್ಟಿದರು, ಮೊಣಕೈಗಳನ್ನು ರೆಕ್ಕೆಯಂತೆ ಬಡಿದರು. ಆಕೆ ನಕ್ಕಳು. ಗುಂಡಿ ಒತ್ತಿ ತೋರಿಸಿದಳು, ತಾನೂ ಇಳಿದಳು, ಟ್ರಾಮಿನ ಕಡೆ ಕೈಮಾಡಿದಳು. ಟ್ರಾಮಿನವನು ನಾಲ್ಕು ಬೆರಳೆತ್ತಿ ನಾಲ್ಕನೆಯ ನಿಲ್ದಾಣವೆಂದ. ಮಣಿಕಟ್ಟು ತಿರುಗಿಸಿ, ಇಳಿದು ಎಡಕ್ಕೆ ಎಂದ. ಟ್ರಾಮಿನಲ್ಲಿದ್ದ ಮಗುವೊಂದು ಅವರಂತೆಯೇ ಜುಟ್ಟು ಕಟ್ಟಿ ಕುಣಿಯಿತು. ಊರಿಗೆ ಊರೇ ಅವರೊಡನೆ ಮಾತಾಡಿತು. ಹುಟ್ಟಿದ ಊರು ಎಂದೂ ಅಷ್ಟು ಮಾತಾಡಿರಲಿಲ್ಲ.

ಹುಂಜದ ಕೆಳಗೆ, ಮೆಟ್ಟಿಲ ಮೇಲೆ ಕಾದಿದ್ದ ಅಧಿಕಾರಿ ಬೈದರು, ಬೈದು ಅತ್ತರು. ಬೈದದ್ದು ಪೀರ್ ಸಾಬರಿಗೆ ತಾಗಲಿಲ್ಲ. ಅತ್ತದ್ದು ತಾಗಿತು.

“ಮುಗೀತಾ? ಏನಂತಾಳೆ?” ಅನಂತರಾಜು ಕೇಳಿದರು.

ಶಬ್ನಮ್ ಎದ್ದಳು. ಗೂಡಿನಲ್ಲಿದ್ದ ಪಾಸ್‌ಪೋರ್ಟನ್ನು ತಂದು ಅವರ ಕೈಗಿಟ್ಟಳು. ಬಳಿಕ ತಿರುಗಿ ಬಂದು ಕುಳಿತು, ದೀಪವನ್ನು ತಾತನ ಕೈಗಳಿಗೆ ಇನ್ನಷ್ಟು ಹತ್ತಿರ ಸರಿಸಿದಳು.

ಹುಟ್ಟಿನಿಂದ ಒಂದು ಸದ್ದನ್ನೂ ಕೇಳಿರದ ಆ ತಾತನ ಮುಂದೆ, ಅವರಂತೆಯೇ ಹುಟ್ಟಿದ್ದ ಮೊಮ್ಮಗಳು ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು: ಇನ್ನೊಮ್ಮೆ ಹೇಳು.